ಜ್ವರ ಇಳಿದ ಮೇಲೂ ಜೊತೆಗಿದ್ದ ವೈದ್ಯೆ

ಬೆಳಗಾವಿ, ಖಾನಾಪುರ ಸೀಮೆಯಲ್ಲಿ ಮಿದುಳಿನ ಪೊರೆಗೆ ಸೋಂಕು ತಗಲಿದ ಮಕ್ಕಳ ಚಿಕಿತ್ಸೆಯ ಮಾತು ಬಂದಾಗಲೆಲ್ಲ ವೈದ್ಯವಲಯವು ಗೌರವದಿಂದ ನೆನೆಯುವ ಹೆಸರು ಡಾ. ಸುಹಾಸಿನಿ ಖಾನೋಲ್ಕರ ಅವರದು. ಮೂರು ದಶಕಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಅವರ ವಿದ್ವತ್ತನ್ನು ಈ ಅಭಿನಂದನ ಸಂಪುಟದಲ್ಲಿ ಅವರ ಶಿಷ್ಯರು ವಿವರಿಸಿದ್ದಾರೆ. ನಾನು ಶಿಷ್ಯೆಯಲ್ಲ, ಅವರ ಆಸ್ಪತ್ರೆಯದೇ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಅದಕ್ಕೂ ಮೊದಲು ಅವರ ರೋಗಿಯಾಗಿದ್ದವಳು.

ನನ್ನ ಊರು ಖಾನಾಪುರ ತಾಲೂಕಿನ ಪಾರಿಶ್ವಾಡ. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂತು. ತಲೆ ಸಿಡಿಯುವಂತೆ ನೋಯಿತು, ಕತ್ತು ಬಗ್ಗದಾಯಿತು, ಮರುದಿನ ಅವ್ವನ ಗುರುತೂ ಹತ್ತಲಿಲ್ಲವಂತೆ. ಬೆಳಗಾವಿಯ ಆಸ್ಪತ್ರೆಯಲ್ಲಿ ಡಾ. ಸುಹಾಸಿನಿಯವರು ಬೆನ್ನುಹುರಿಯ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಬೇಕೆಂದಾಗ ಅಪ್ಪ ಕಲ್ಲಯ್ಯ ಒಪ್ಪಲಿಲ್ಲ.

"ಬೆನ್ನಾಗಿನ ನೀರ ತಗದ್ರ ಕಾಲ ಹೋಗ್ತಾವಂತ್ರೀ. ನಮ್ಮ ಹುಡುಗಿ ನಡೀಬೇಕ್ರೀ."

"ಕಾಲಿಗೇನೂ ಆಗೂದಿಲ್ರಿ. ನೀವು ವಿಚಾರ ಮಾಡ್ರಿ. ಆದ್ರ ಔಷಧ ಕೊಡಾಕ ನಾ ಕಾಯಂಗಿಲ್ಲ," ಎಂದು ಅವರು ಮೊದಲ ಇಂಜೆಕ್ಷನ್ ಕೊಟ್ಟೇಬಿಟ್ಟರಂತೆ. ಬಳಿಕ ಅಪ್ಪನ ಪಕ್ಕದಲ್ಲಿ ಕುಳಿತು, ಸೂಜಿ ಎಲ್ಲಿ ಹೋಗುತ್ತದೆಂದು ಅಪ್ಪನ ಬೆನ್ನಿನ ಮೇಲೆಯೇ ಬೆರಳಿಟ್ಟು ತೋರಿಸಿದರು. ಅಪ್ಪ ಹೂಂ ಅಂದ. ತಿಳಿಯಾಗಿ ಬರಬೇಕಾದ ನೀರು ಅಕ್ಕಿ ತೊಳೆದ ನೀರಿನಂತೆ ಕದಡಿ ಬಂತು. ರೋಗ ಖಚಿತವಾಯಿತು, ನನ್ನ ಜೀವ ಉಳಿಯಿತು.

ನನ್ನ ಸ್ವಂತ ನೆನಪು ಶುರುವಾಗುವುದು ಆ ನಂತರ. ಕಣ್ಣು ಬಿಟ್ಟಾಗ ವಾರ್ಡಿನಲ್ಲಿ ಎಲ್ಲರ ಬಾಯಿಯೂ ಆಡುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ನಾನೇನೋ ತಪ್ಪು ಮಾಡಿದ್ದೇನೆ, ಅದಕ್ಕೇ ಎಲ್ಲರೂ ಸೇರಿ ನನ್ನ ಸಂಗಡ ಮಾತು ಬಿಟ್ಟಿದ್ದಾರೆ ಎಂದುಕೊಂಡೆ. ಅವ್ವನಿಗೆ ಬೆನ್ನು ತಿರುಗಿಸಿ ಮಲಗಿದೆ. ಜ್ವರದ ಸುಸ್ತು ಎಂದು ಭಾವಿಸಿ ಎಲ್ಲರೂ ಸುಮ್ಮನಿದ್ದು, ಮನೆಗೆ ಕಳಿಸಿದರು. ಊರಿನಲ್ಲಿ, ಜ್ವರದಿಂದ ಬುದ್ಧಿ ಮಂದವಾಗಿದೆ ಎಂದರು. ಶಾಲೆಯಲ್ಲಿ ಪೆಟ್ಟು ತಿಂದೆ. ಮಳೆಗಾಲ ಕಳೆದ ಮೇಲೆ ಮರುತಪಾಸಣೆಗೆ ಹೋದಾಗ ಡಾಕ್ಟರು ನನ್ನ ಹಿಂದೆ ನಿಂತು "ನೇತ್ರಾ" ಎಂದು ಕರೆದರಂತೆ. ನಾನು ತಿರುಗಲಿಲ್ಲ. ಅವರು ಮುಂದೆ ಬಂದು ಮೊಣಕಾಲೂರಿ ಕುಳಿತಾಗ ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ.

ಸೋಂಕು ಎರಡೂ ಕಿವಿಗಳನ್ನು ತಿಂದಿತ್ತು. ಬೇಗ ತಿಳಿದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೇಳಿಸುವ ಸಾಧನ ಕೂರಿಸಬಹುದಿತ್ತು. ಅಷ್ಟರಲ್ಲಿ ಒಳಗಿವಿಯ ಪೊಳ್ಳು ಜಾಗವೆಲ್ಲ ಎಲುಬು ಬೆಳೆದು ಮುಚ್ಚಿಹೋಗಿತ್ತು.

"ಜೀವ ಉಳಿಸಿದ್ರಿ. ಕಿವಿ ಯಾಕ ನೋಡ್ಲಿಲ್ರೀ?" ಎಂದು ಅಪ್ಪ ಕೇಳಿದನಂತೆ.

"ನೋಡಬೇಕಿತ್ರಿ ಕಲ್ಲಯ್ಯಾರ. ನೋಡ್ಲಿಲ್ಲ."

ಅಂದಿನಿಂದ ಈ ರೋಗದಿಂದ ಗುಣವಾದ ಯಾವ ಮಗುವೂ ಶ್ರವಣ ಪರೀಕ್ಷೆಯಾಗದೆ ಅವರ ವಾರ್ಡಿನಿಂದ ಹೊರಟಿಲ್ಲ. ಹಾಸಿಗೆ ಸಾಲದೆಂದು ಸಹೋದ್ಯೋಗಿಗಳು ಗೊಣಗಿದರೂ, ಮಗು ಗುಣವಾಯಿತೆಂದು ಪೇಡೆ ಹಂಚುತ್ತಿದ್ದ ತಂದೆತಾಯಿ ಅಪಶಕುನದ ಮಾತೆಂದು ಮುನಿಸಿಕೊಂಡರೂ, ಅವರೊಬ್ಬರೇ ಆ ಹಟವನ್ನು ಬಿಡದೆ ಸಾಧಿಸಿದರು. ರಜೆಯ ದಿನಗಳಲ್ಲಿ ಬಸ್ಸು ಹತ್ತಿ ಪಾರಿಶ್ವಾಡಕ್ಕೆ ಬಂದು, ಬಾಗಿಲ ಬೆಳಕಿಗೆ ಮುಖವೊಡ್ಡಿ ಕುಳಿತು, ತುಟಿ ನೋಡಿ ಮಾತು ಹಿಡಿಯುವುದನ್ನು ನನಗೆ ಕಲಿಸಿದರು. ನಾನು ಪ್ರಯೋಗಾಲಯ ಸೇರಿದ ಮೇಲೆ, ಫೋನು ನನಗೆ ಉಪಯೋಗವಿಲ್ಲದ್ದರಿಂದ, ವರದಿ ಕೇಳಲು ತಾವೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಊಟದ ಹೊತ್ತಿಗೆ ನಾಲ್ಕು ಜನ ಸೇರಿ ನಕ್ಕರೆ ಯಾರ ತುಟಿ ನೋಡಬೇಕೆಂದು ತಿಳಿಯದೆ ನಾನು ಡಬ್ಬಿ ಹಿಡಿದು ಎದ್ದುಬಿಡುತ್ತೇನೆ. ಟಿಳಕವಾಡಿಯ ಮನೆಯಲ್ಲಿ ಒಂಟಿಯಾಗಿಯೇ ಉಣ್ಣುವ ಅವರು ಎಷ್ಟೋ ಮಧ್ಯಾಹ್ನ ನನ್ನೆದುರು ಕುಳಿತು, ಮಾತಿನ ಗೊಡವೆಯಿಲ್ಲದೆ ಉಂಡು ಹೋಗಿದ್ದಾರೆ.

ಕಳೆದ ವರ್ಷ ಬೆಳಗಾವಿ ಪಕ್ಕದ ಮಚ್ಛೆ ಊರಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಮಯೂರ ಎಂಬವರ ಪುಟ್ಟ ಮಗಳು ಶರ್ವರಿಗೆ ಇದೇ ರೋಗ ಬಂತು. ಅವಳ ಬೆನ್ನುನೀರಿನಲ್ಲಿ ರೋಗಾಣು ಕಂಡು ವರದಿ ಬರೆದವಳು ನಾನು. ಮಗು ಬದುಕಿತು, ಕಿವಿ ಹೋಗಿರುವುದು ಮನೆಗೆ ಹೊರಡುವ ಮೊದಲೇ ತಿಳಿಯಿತು, ತಡಮಾಡದೆ ಶಸ್ತ್ರಚಿಕಿತ್ಸೆಯಾಯಿತು. ಕೆಲ ತಿಂಗಳ ಬಳಿಕ ತಪಾಸಣೆಗೆ ಬಂದಾಗ ಡಾಕ್ಟರು ನನ್ನನ್ನೂ ಕರೆಸಿದ್ದರು. ಅವರು ಹಿಂದಿನಿಂದ "ಶರ್ವರಿ" ಎಂದರು. ಮಗು ಗಕ್ಕನೆ ತಿರುಗಿತು. ಕೋಣೆಯವರೆಲ್ಲ ನಕ್ಕರು. ನಾನೂ ನಕ್ಕೆ, ಆಮೇಲೆ ಅಲ್ಲಿ ನಿಲ್ಲಲಾಗದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ.

ಅವರು ಬಂದು, ನನಗೆ ಮುಖ ಕಾಣುವಂತೆ ಒಂದು ಮೆಟ್ಟಿಲು ಕೆಳಗೆ ಕುಳಿತರು.

"ನನ್ನ ಮ್ಯಾಲೆ ಸಿಟ್ಟೈತೇನು, ನೇತ್ರಾ?"

ಇಷ್ಟು ವರ್ಷ ಯಾರೂ ಕೇಳದ ಮಾತು. "ಐತ್ರಿ ಡಾಕ್ಟರಬಾಯಾರ. ಇವತ್ತ ಭಾಳ ಐತಿ," ಎಂದೆ.

"ಇರಬೇಕು," ಎಂದರು. ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ನನ್ನ ಅಳು ನಿಲ್ಲುವವರೆಗೆ ಹಾಗೆಯೇ ಕುಳಿತಿದ್ದರು.

ನಿವೃತ್ತಿಯ ನಂತರ ಖಾನಾಪುರದ ಹಳ್ಳಿಗಳಲ್ಲಿ ತಿರುಗಿ, ಇಂಥ ಜ್ವರದಿಂದ ಎದ್ದ ಮಕ್ಕಳ ಕಿವಿ ಪರೀಕ್ಷಿಸುವುದಾಗಿ ಅವರು ಹೇಳಿದ್ದಾರೆ. ಅಷ್ಟು ತಿರುಗಲು ಬೇಕಾದ ಆರೋಗ್ಯವೂ ದೀರ್ಘಾಯುಷ್ಯವೂ ಅವರಿಗಿರಲಿ. ನನ್ನನ್ನು ಉಳಿಸಿದವರ ಧ್ವನಿ ಹೇಗಿದೆಯೆಂದು ನನಗೆ ಗೊತ್ತಿಲ್ಲ. ಅದನ್ನು ಕೇಳಿ ತಿರುಗುವ ಮಕ್ಕಳು ಅವರಿಗೆ ಇನ್ನೂ ಬಹುಕಾಲ ಸಿಗುತ್ತಿರಲಿ.