ಶನಿವಾರದ ಮಾಫಿ

ಬೈಲಹೊಂಗಲದ ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ರವಿವಾರ ಕರ್ತನ ಭೋಜನ: ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿಯ ಚೂರು, ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಹಿಂದಿನ ದಿನ, ಶನಿವಾರ ಸಂಜೆ, ಮುನಿಸಿಕೊಂಡವರು ಒಬ್ಬರ ಮನೆಗೊಬ್ಬರು ಹೋಗಿ ಕೈ ಹಿಡಿದು ಮಾಫಿ ಕೇಳಬೇಕು. ಮುನಿಸು ಒಳಗಿಟ್ಟುಕೊಂಡು ಆ ರೊಟ್ಟಿ, ಆ ದ್ರಾಕ್ಷಾರಸ ಮುಟ್ಟಬಾರದು. ಸುವಾರ್ತೆಯ ಈ ಮಾತನ್ನು ನಮ್ಮ ಹಿರಿಯರು ಗಟ್ಟಿಯಾಗಿ ಹಿಡಿದಿದ್ದರು.

ಓಣಿಯಲ್ಲಿ ನಮ್ಮವು ಹತ್ತೋ ಹನ್ನೆರಡೋ ಮನೆ. ನಳದ ನೀರಿಗಾಗಿ ತಿಂಗಳಿಡೀ ಕಚ್ಚಾಡುತ್ತಿದ್ದ ಇಬ್ಬರು ಹೆಂಗಸರು ಶನಿವಾರ ಬಂತೆಂದರೆ, "ತಪ್ಪಾಗೇತ್ರಿ, ಮಾಫ್ ಮಾಡ್ರಿ", "ಆತು ಬಿಡ್ರಿ, ಕುಂದರ್ರಿ, ಚಾ ಇಡತೇನಿ" ಎಂದು ಮುಗಿಸಿ ಸೋಮವಾರ ಮತ್ತೆ ಕೊಡ ಎತ್ತುತ್ತಿದ್ದರು. ಸಣ್ಣವನಿದ್ದಾಗ ನನಗೆ ನಗು ಬರುತ್ತಿತ್ತು.

ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಬಂದ ಮೇಲೆ ನಗು ಹೋಗಿ ಅಸಹ್ಯ ಬಂತು. ತೊಂಬತ್ತರ ದಶಕದ ನಡುವಿನ ಮಾತು. ಯುರೋಪಿನ ಚಿಂತಕರು ತಲೆ ತುಂಬಿದ್ದರು. ಹಿರಿಯರು ಹೇಳಿದರೆಂದು ಏನನ್ನೂ ಒಪ್ಪಬೇಡ, ನಿನ್ನೊಳಗೆ ಹುಟ್ಟದ ಮಾತು ನಿನ್ನದಲ್ಲ, ರೂಢಿಗೆ ತಲೆಬಾಗಿದರೆ ನಿನಗೇ ನೀನು ಸುಳ್ಳು ಹೇಳಿಕೊಂಡಂತೆ: ನೂರಾರು ಪುಟಗಳಿಂದ ನಾನು ಹಿಂಡಿಕೊಂಡದ್ದು ಇಷ್ಟು. ಸವದತ್ತಿಯ ಕಾಲೇಜಿನಲ್ಲಿ ನೌಕರಿ ಸಿಕ್ಕಿತು. ಹುಡುಗರಿಗೂ ಅದನ್ನೇ ಕಲಿಸತೊಡಗಿದೆ. ಚರ್ಚಿಗೆ ಹೋಗುವುದನ್ನು ಬಿಟ್ಟೆ.

ಅದೇ ವರ್ಷ ಅಪ್ಪ ನನಗೊಂದು ಅನ್ಯಾಯ ಮಾಡಿದ. ದವಾಖಾನೆಯ ಕಂಪೌಂಡರ್ ಆಗಿದ್ದ ಮೆತ್ತಗಿನ ಮನುಷ್ಯ. ಕೂಸಿಗೆ ಸೂಜಿ ಚುಚ್ಚುವ ಮೊದಲು ತಾನೇ ಮುಖ ಕಿವಿಚುತ್ತಿದ್ದ. ಸಂಪಗಾಂವದ ಲಿಂಗಾಯತ ಮನೆತನದ ಹುಡುಗಿಯೊಬ್ಬಳನ್ನು ಮದುವೆಯಾಗಬೇಕೆಂದಿದ್ದೆ, ಅವಳೂ ಒಪ್ಪಿದ್ದಳು. ಅಪ್ಪ ನನ್ನನ್ನು ಒಂದು ಮಾತೂ ಕೇಳದೆ ಅವರ ಮನೆಗೆ ಹೋಗಿ, ಅವಳ ತಂದೆಗೆ ಕೈಮುಗಿದು, "ನಮ್ಮ ಹುಡುಗ ಇನ್ನ ಈ ಕಡೆ ಬರೂದಿಲ್ರಿ" ಎಂದು ಹೇಳಿ ಬಂದ. ಹೆದರಿದ್ದ. ಹತ್ತು ಮನೆಯವರು ಸಾವಿರ ಮನೆಯವರ ನಡುವೆ ಬಾಳಬೇಕಲ್ಲ. ಎರಡು ತಿಂಗಳಲ್ಲಿ ಅವಳನ್ನು ರಾಮದುರ್ಗಕ್ಕೆ ಕೊಟ್ಟು ಮದುವೆ ಮಾಡಿದರು.

ಅದಾದ ಮೇಲಿನ ಮೊದಲ ಮಾಫಿಯ ಶನಿವಾರವೇ ಅಪ್ಪ ಬಸ್ಸು ಹಿಡಿದು ಸವದತ್ತಿಯ ನನ್ನ ಬಾಡಿಗೆ ಖೋಲಿಗೆ ಬಂದ. ಬಾಗಿಲಲ್ಲೇ ಕೈ ಚಾಚಿದ.

"ತಪ್ಪ ಮಾಡೇನಿ ತಮ್ಮಾ. ಮಾಫ್ ಮಾಡು."

ನಾನು ಕೈ ಹಿಡಿಯಲಿಲ್ಲ. "ಮನಸಿನ್ಯಾಗ ಇಲ್ಲದ್ದು ಬಾಯಿಲೆ ಅಂದ್ರ ಸುಳ್ಳ ಆಗತೈತಿ ಅಪ್ಪಾ. ಮನಸ್ಸಿಗೆ ಖರೇನ ಬಂದಾಗ ನಾನ ಬರತೇನಿ" ಎಂದೆ. ಎಂಥ ಚೆಂದದ ಮಾತು! ತರಗತಿಯಲ್ಲಿ ಆಡಿದ್ದರೆ ಹುಡುಗರು ಬರೆದುಕೊಳ್ಳುತ್ತಿದ್ದರು.

ಅಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. "ಅದೂ ಖರೆ. ಬರಲಿ ತಗೋ" ಎಂದು ನೀರೂ ಕುಡಿಯದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಮರುದಿನ ಚರ್ಚಿನಲ್ಲಿ ಭೋಜನಕ್ಕೆ ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿದಾಗ ಅಪ್ಪ ಹಿಂದಿನ ಬೆಂಚಿನಲ್ಲಿ ಕೂತೇ ಇದ್ದನಂತೆ. ಅವ್ವ ಇದನ್ನು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ. "ನೀವು ಕೇಳೀರಿ, ನಿಮ್ಮ ಕೆಲಸ ಮುಗೀತು, ಬರ್ರಿ" ಎಂದು ಚರ್ಚಿನ ಸಭಾಪಾಲಕರು ಕರೆದರೂ ಏಳಲಿಲ್ಲ. ನನ್ನನ್ನು ಬೈದವರಿಗೆ ಮಾತ್ರ ಉತ್ತರ ಕೊಡುತ್ತಿದ್ದ: "ಅವಗ ಒತ್ತಾಯ ಮಾಡಬ್ಯಾಡ್ರಿ. ಓದಿದಾಂವ ಅದಾನ. ಸುಳ್ಳ ಮಾಫಿ ಅವಗ ಬರೂದಿಲ್ಲ."

ಒಂಬತ್ತು ವರ್ಷ ಹೀಗೇ ಹೋಯಿತು; ಅಪ್ಪ ಒಮ್ಮೆಯೂ ಆ ರೊಟ್ಟಿ ಮುಟ್ಟಲಿಲ್ಲ. ಊರಿಗೆ ಹೋಗುತ್ತಿದ್ದೆ, ಒಟ್ಟಿಗೆ ಉಣ್ಣುತ್ತಿದ್ದೆ, ಅಪ್ಪನಿಗೆ ಗುಳಿಗೆ ತಂದುಕೊಡುತ್ತಿದ್ದೆ. ಆ ಮಾತು ಮಾತ್ರ ಎತ್ತುತ್ತಿರಲಿಲ್ಲ. ಇನ್ನೂ ಮನಸ್ಸಿಗೆ ಬಂದಿಲ್ಲ ಎಂದುಕೊಳ್ಳುತ್ತಿದ್ದೆ. ಹೊತ್ತಿಗೆ ಬಾರದ ದೊಡವಾಡದ ಬಸ್ಸಿಗೆ ಕಾದಂತೆ ಕಾಯುತ್ತಿದ್ದೆ. ನಡೆದೇ ಹೋಗಿಬಿಡಬಹುದು ಎಂಬುದು ಹೊಳೆಯಲಿಲ್ಲ.

ಅಷ್ಟರಲ್ಲಿ ನಾನು ಕಲಿಸುತ್ತಿದ್ದ ಪಾಠ ನನಗಿಂತ ಮೊದಲೇ ಊರೂರು ಮುಟ್ಟಿತ್ತು. ಟಿವಿಯಲ್ಲಿ ಸಾಬೂನು ಮಾರುವ ಹುಡುಗಿಯೂ ನಿನ್ನ ಮನಸ್ಸು ಹೇಳಿದಂತೆ ಕೇಳು ಎನ್ನುತ್ತಿದ್ದಳು. ಕಿತ್ತೂರಿನಲ್ಲಿ ನಮ್ಮ ಚರ್ಚುಗಳ ಯುವಜನರ ಕೂಟವೊಂದಕ್ಕೆ ನನ್ನನ್ನೂ ಕರೆದಿದ್ದರು. ಅಲ್ಲಿ ಬೋಧಕನೊಬ್ಬ ಗಿಟಾರು ಬಾರಿಸುತ್ತ ಅದನ್ನೇ ಸುವಾರ್ತೆ ಎಂದು ಸಾರಿದ. ನಮ್ಮ ಓಣಿಯಲ್ಲಿ ಶನಿವಾರದ ಮಾಫಿ ಆಗಲೇ ನಿಂತುಹೋಗಿತ್ತು. ಹೊಸಬರಿಗೆ ಅದು ನಾಟಕವಾಗಿ ಕಂಡಿತ್ತು. ನನ್ನದೇ ಪಾಠ ಬೇರೆಯವರ ಬಾಯಲ್ಲಿ ಕೇಳಿ ಅದರ ಬೇರು ಹುಡುಕತೊಡಗಿದೆ. ಅದು ನಮ್ಮ ಕ್ರೈಸ್ತ ಮನೆಯದೇ. ಮನಸ್ಸಾಕ್ಷಿಗೆ ವಿರುದ್ಧ ನಡೆಯಲಾರೆ ಎಂದು ಯುರೋಪಿನಲ್ಲಿ ಎದ್ದು ನಿಂತವರಲ್ಲಿ ಕ್ರೈಸ್ತರೂ ಇದ್ದರು. ಆದರೆ ಅವರ ಮನಸ್ಸಾಕ್ಷಿ ದೇವರ ಮುಂದೆ ನಡುಗುತ್ತಿತ್ತು. ಆಮೇಲಿನವರು ದೇವರನ್ನು ತೆಗೆದು ಅದೇ ಮೊಳೆಗೆ ಕನ್ನಡಿ ತೂಗುಹಾಕಿದರು. ನಳದ ಹತ್ತಿರ ಕಚ್ಚಾಡುತ್ತಿದ್ದ ಆ ಹೆಂಗಸರು ನನಗಿಂತ ಜಾಣೆಯರು. ಕ್ಷಮೆ ಎಂದರೆ ಅವರಿಗೆ ಮನಸ್ಸಿನ ಹದವಲ್ಲ, ಮಾಡಿ ಮುಗಿಸಬೇಕಾದ ಕೆಲಸ.

ಇಷ್ಟು ತಿಳಿದ ಮೇಲೂ ಅಪ್ಪನ ಕೈ ಹಿಡಿಯಲು ಹೋಗಲಿಲ್ಲ. ಒಂಬತ್ತು ವರ್ಷ ತಡಮಾಡಿದವನಿಗೆ ಮೊದಲ ಹೆಜ್ಜೆ ನಾಚಿಕೆ.

ಅಪ್ಪನ ಮೂತ್ರಪಿಂಡಗಳು ಕೈಕೊಟ್ಟವು. ಒಂದು ಬೆಳಿಗ್ಗೆ ಅವ್ವನ ಫೋನು ಬಂತು. ನಾನು ಮನೆ ಮುಟ್ಟಿದಾಗ ಸಭಾಪಾಲಕರು ಕರ್ತನ ಭೋಜನದ ರೊಟ್ಟಿಯ ಚೂರು ಹಿಡಿದು ಮಂಚದ ಪಕ್ಕ ಕೂತಿದ್ದರು. ಅಪ್ಪನ ಕೈ ಹಿಡಿದೆ.

"ಅಪ್ಪಾ, ಮಾಫ್ ಮಾಡೇನಿ. ನೀನೂ ನನ್ನ ಮಾಫ್ ಮಾಡು."

ಕಣ್ಣು ತೆರೆದ. ಚುಚ್ಚಿ ಮಾತಾಡುವುದು ಅವನಿಗೆ ಗೊತ್ತೇ ಇರಲಿಲ್ಲ. ನಿಜಕ್ಕೂ ತಿಳಿಯಬೇಕಿತ್ತು, ಕೇಳಿದ.

"ಮನಸ್ಸಿಗೆ ಬಂತೇನು ತಮ್ಮಾ? ಖರೇನ?"

ಹೌದು ಎಂದರೆ ಮುಗಿಯುತ್ತಿತ್ತು. ನಾನು ಒಳಗೆ ನೋಡಿಕೊಂಡೆ. ಇದು ಕ್ಷಮೆಯೋ, ಬರೀ ಮರುಕವೋ, ಸಾವಿನ ಹೆದರಿಕೆಯೋ ಎಂದು ತಪಾಸಣೆಗೆ ಇಳಿದೆ. ನಾಲ್ಕು ಉಸಿರಿನಷ್ಟು ಹೊತ್ತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕೈ ಮೆಲ್ಲಗೆ ತಟ್ಟಿದ.

"ಇರಲಿ. ಗಡಬಡಿ ಏನಿಲ್ಲ" ಎಂದು ಸಭಾಪಾಲಕರ ಕಡೆ ತಿರುಗಿ, ಬೇಡವೆಂದು ತಲೆಯಾಡಿಸಿ ಕಣ್ಣು ಮುಚ್ಚಿದ.

"ಬಂದೈತಿ ಅಪ್ಪಾ, ಬಂದೈತಿ" ಎಂದು ಕೂಗಿದೆ. ಎಷ್ಟು ಕೂಗಿದರೂ ಎಚ್ಚರಾಗಲಿಲ್ಲ. ಮಧ್ಯಾಹ್ನ ಹೋದ, ರೊಟ್ಟಿ ಮುಟ್ಟದೆ, ನನ್ನ ಮಾತನ್ನು ನನಗಿಂತ ಹೆಚ್ಚು ನಂಬಿ.