ತೊಗರಿ ಬಿತ್ತಿದ ಹುಡುಗಿ

ಶಾಲೆಗಳ ತಪಾಸಣೆಗೆಂದು ಸುಲೇಪೇಟಕ್ಕೆ ಹೋದಾಗ ಅಲ್ಲಿಯ ವಿದ್ಯಾರ್ಥಿಗಳ ಕೃಷಿ ಸಂಘದ ಹೊಲವನ್ನೂ ನೋಡಿದೆ. ಸಂಘಕ್ಕೆ ಸೇರಿದ ಪ್ರತಿಯೊಬ್ಬರಿಗೂ ಒಂದು ತುಂಡು ನೆಲ, ಬೆಳೆ ಅವರವರ ಇಷ್ಟದ್ದು. ಎಲ್ಲರೂ ಎರಡು ತಿಂಗಳಲ್ಲಿ ಕೈಗೆ ಬರುವ ಹೆಸರು ಬಿತ್ತಿ, ಕಿತ್ತು ಮುಗಿಸಿದ್ದರು. ಏಳನೆಯ ತರಗತಿಯ ನೀಲಮ್ಮನ ತುಂಡಿನಲ್ಲಿ ಮಾತ್ರ ತೊಗರಿ ಇನ್ನೂ ಹೂವಿನಲ್ಲಿತ್ತು.

“ಇಷ್ಟು ತಡಾ ಆಗೋ ಬೆಳಿ ಯಾಕ ಹಿಡದಿ?” ಎಂದು ಅವಳನ್ನು ಕೇಳಿದೆ.

“ನನ್ನ ಲಗ್ನ ಗೊತ್ತು ಮಾಡ್ಯಾರ್ರಿ, ಅಕ್ಕೋರ. ಆದ್ರ ಬಿತ್ತಿದ ಕೈಲೇ ಕೊಯ್ದು ರಾಶಿ ಮಾಡಬೇಕು, ನಿಂತ ಬೆಳಿ ಬಿಟ್ಟು ಹೋಗಬಾರದು ಅಂತಾಳ್ರಿ ನಮ್ಮ ಆಯಿ, ಅಪ್ಪನ ಅವ್ವ. ರಾಶಿ ಆಗೋತನಕ ಲಗ್ನಾನೂ ಇಲ್ಲ, ಸಾಲಿನೂ ಬಿಡಸಂಗಿಲ್ಲ.”

“ನಿಮ್ಮಪ್ಪ ಏನಂತಾನ?”

“ಹೂವು ಕಾಯಿ ಆತೇನಂತ ದಿನಾ ಬಂದು ನೋಡಿ ಹೋಗ್ತಾನ್ರಿ.”

ನನಗೆ ನಗು ಬಂತು. ಅವಳು ನಗಲಿಲ್ಲ. “ತೊಗರಿಗಿಂತ ತಡಾ ಆಗೋದು ಏನರೆ ಅದ ಏನ್ರಿ?” ಎಂದಳು.

ಆಗ ನಮ್ಮ ರಾಜಧಾನಿಯಾಗಿದ್ದ ಹೈದರಾಬಾದಿಗೆ ಹೋಗುವ ವರದಿಯಲ್ಲಿ ನಾನು ಒಂದು ಸಾಲು ಸೇರಿಸಿದೆ: ಸಂಘದ ಹೊಲದ ಬದುವಿಗೆ ಒಂದು ಮಾವಿನ ಸಸಿ ಹಚ್ಚಬೇಕು, ಅದನ್ನು ನೀಲಮ್ಮನೇ ಹಚ್ಚಿ ಬೆಳೆಸಬೇಕು.

ಸಂಘ ನೋಡಿಕೊಳ್ಳುವ ಮಾಸ್ತರರು ಅದನ್ನು ಓದಿ ತಲೆ ಕೆರೆದುಕೊಂಡರು. “ಅದು ಫಲಾ ಕೊಡ್ಲಿಕ್ಕ ಆರೇಳು ವರ್ಷ ಬೇಕಲ್ರಿ, ಅಕ್ಕೋರ.”

“ಬೇಕಾಗಲಿ ಬಿಡ್ರಿ,” ಎಂದೆ. ಸರಕಾರದ ಕೆಲಸ ತಡವಾದಷ್ಟೂ ಒಳ್ಳೆಯದೆಂದು ನನ್ನ ನೌಕರಿಯಲ್ಲಿ ಅನ್ನಿಸಿದ್ದು ಅದೊಂದೇ ಸಲ.