ಸಂತೆ ಚೀಟಿ ಓದಿದವನ ಊರಿಗೆ

ಭಾನುವಾರ ಬೆಳಿಗ್ಗೆ ಆರೂವರೆಗೆ ನರಗುಂದದ ಬಸ್ ನಿಲ್ದಾಣ ತಲುಪಿದಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಕೊಡೆ ಮರೆತಿದ್ದೆ. ಕಿಸೆಯಲ್ಲಿದ್ದ ನಾಲ್ಕು ಮಡಿಕೆಯ ಹಾಳೆಯನ್ನು ಮಾತ್ರ ಮರೆತಿರಲಿಲ್ಲ. ಗಜೇಂದ್ರಗಡದ ನೇಕಾರ ಸತ್ಯಪ್ಪನ ಕ್ಷಮೆ ಕೇಳಲು ಹೊರಟಿದ್ದೆ. ಕೇಳಬೇಕಾದ ಮಾತನ್ನು ಮೂರು ಸಲ ತಿದ್ದಿ ಬರೆದುಕೊಂಡಿದ್ದೆ. ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವನು, ಸಾಲದ್ದಕ್ಕೆ ನಮ್ಮ ಚರ್ಚಿನ ಹಿರಿಯ. ಕ್ಷಮೆ ಕೇಳುವುದಾದರೂ ಚೆಂದದ ಕನ್ನಡದಲ್ಲೇ ಕೇಳಬೇಕಲ್ಲ!

ಐದು ವರ್ಷದ ಹಿಂದೆ ಸತ್ಯಪ್ಪ ನರಗುಂದದಲ್ಲೇ ಇದ್ದ. ಓದು ಬರಹ ಬಾರದು. ಒಂದು ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದ. ಹೆಂಡತಿಯ ಮೊಣಕಾಲು, ಮುರಿದ ಲಾಳಿ, ಬಾಜೂ ಮನೆಯ ರಜಿಯಾಳ ಹೆರಿಗೆ, ಕುಂಟುವ ಆಡು, ಹೀಗೆ ಒಂದೊಂದನ್ನೇ ದೇವರಿಗೆ ಒಪ್ಪಿಸುತ್ತ ಹೋದ. ಅಂದಿನ ಪ್ರಸಂಗ, ಅಂದರೆ ಉಪದೇಶ, ನನ್ನದು, ಹೊತ್ತು ಮೀರುತ್ತಿತ್ತು. “ಸಾಕೋ ಸತ್ಯಪ್ಪ, ದೇವರಿಗೆ ಸಂತಿ ಚೀಟಿ ಓದಬ್ಯಾಡ. ಪ್ರಾರ್ಥನಿ ಮಾಡೂದು ಕಲಕೊಂಡು ಬಾ” ಅಂದೆ. ಸಭೆಯೆಲ್ಲ ನಕ್ಕಿತು. ಅವನೂ ನಗುತ್ತಲೇ ಕುಳಿತ. ಮಾತು ಒಳ್ಳೇ ಚುರುಕಾಗಿ ಬಂತೆಂದು ನನಗೆ ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಲಿ.

ಕಳೆದ ತಿಂಗಳು ಅವನ ಹೆಂಡತಿ ತೀರಿಕೊಂಡಳು. ಮಣ್ಣಿಗೆ ಹೋಗಿದ್ದ ನಮ್ಮ ಪಾದ್ರಿಗಳು ಬಂದು ಹೇಳಿದರು: ಎರಡು ಮಾತು ಪ್ರಾರ್ಥನೆ ಮಾಡಪ್ಪ ಎಂದರೆ ಸತ್ಯಪ್ಪ ಕುಣಿಯ ಅಂಚಿನಲ್ಲಿ ನಿಂತು ಬಾಯಿ ತೆರೆದನಂತೆ, ಮುಚ್ಚಿದನಂತೆ. “ನನಗ ಬರೂದಿಲ್ರಿ. ನರಗುಂದದಾಗ ಹೇಳ್ಯಾರ” ಅಂದನಂತೆ. ಆ ದಿನದಿಂದ ನನಗೆ ಊಟ ಸೇರಲಿಲ್ಲ.

ರೋಣದ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಟ್ಟವರು ನಾನು ಮತ್ತು ಇನ್ನಿಬ್ಬರು ಗಂಡಸರು, ಉಳಿದವರೆಲ್ಲ ಹೆಂಗಸರು. ಪಕ್ಕದಲ್ಲಿ ಕುಳಿತವರು ಕಾಳಿನ ವ್ಯಾಪಾರ ಮಾಡುವ ಒಬ್ಬ ಸಾಬರು. ಕಿಟಕಿಯಾಚೆ ಎರೆಹೊಲಗಳಲ್ಲಿ ನೀರು ನಿಂತಿತ್ತು. “ಹೆಸರು ಗಿಡದಾಗನ ಮೊಳಕಿ ಒಡದಾವ್ರಿ. ಮೆಣಸಗಿ ಕಡೆ ಹೊಳಿ ಹೊಲಕ್ಕ ಬಂದೈತಂತ” ಎಂದು ನಿಟ್ಟುಸಿರುಬಿಟ್ಟರು. ನಾನು ಹೂಂಗುಟ್ಟಿದೆ. ನನ್ನ ತಲೆಯಲ್ಲಿ ಹಾಳೆಯ ಎರಡನೇ ವಾಕ್ಯ ತಿರುಗುತ್ತಿತ್ತು.

ರೋಣದಲ್ಲಿ ಬಸ್ಸು ಬದಲಿಸಬೇಕು. ಗಿರಮಿಟ್ಟು ತಿಂದು, ಚಹಾ ಕುಡಿದು, ಒಂಬತ್ತೂವರೆಗೆ ಗಜೇಂದ್ರಗಡದಲ್ಲಿ ಇಳಿದೆ. ಗುಡ್ಡದ ಮೇಲಿನ ಕೋಟೆ ಮೋಡದಲ್ಲಿ ಮುಚ್ಚಿಹೋಗಿತ್ತು. ಸತ್ಯಪ್ಪ ನಿಲ್ದಾಣದಲ್ಲೇ ಕಾಯುತ್ತಿದ್ದ. ತುಂಬ ಇಳಿದುಹೋಗಿದ್ದ. “ಬರ್ರಿ ಮಾಸ್ತರ, ಲಗೂ ನಡೀರಿ, ಮಂದಿ ಕೂಡ್ಯಾರ” ಎಂದು ನನ್ನ ಚೀಲ ಕಸಿದುಕೊಂಡ. ನಾನು ಬರುವುದನ್ನು ಪಾದ್ರಿಗಳು ಫೋನಿನಲ್ಲಿ ತಿಳಿಸಿದ್ದರು. ಬರುವ ಕಾರಣವನ್ನು ನಾನು ಅವರಿಗೂ ಹೇಳಿರಲಿಲ್ಲ.

ಅಲ್ಲಿ ಚರ್ಚಿಲ್ಲ. ಹದಿನೈದು ಜನ ಒಂದು ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡುತ್ತಾರೆ. ಒಂದೇ ಒಂದು ಕುರ್ಚಿ ಇತ್ತು, ಅದರ ಮೇಲೆ ತೊಳೆದ ಟಾವೆಲ್ಲು ಹಾಸಿದ್ದರು. ಅದು ನನಗೆ. ಕೆಳಗೆ ಕೂರುತ್ತೇನೆ ಎನ್ನಬೇಕಿತ್ತು, ಅನ್ನಲಿಲ್ಲ. ಹಾಡು ಮುಗಿದ ಮೇಲೆ ಮನೆಯ ಯಜಮಾನ, “ಮಾಸ್ತರು ಎರಡು ಮಾತು ಹೇಳತಾರ” ಅಂದ. ಎದ್ದು ನಿಂತೆ. ಹದಿನೈದು ಮುಖಗಳು ನನ್ನತ್ತ ತಿರುಗಿದವು. ಸತ್ಯಪ್ಪ ಬಾಗಿಲ ಬಳಿ, ಚಪ್ಪಲಿಗಳ ಹತ್ತಿರ ಕುಳಿತಿದ್ದ.

ನಾನು ದೀನತೆಯ ಮೇಲೆ ನಲವತ್ತು ನಿಮಿಷ ಮಾತಾಡಿದೆ. ಯೇಸು ನಡುವಿಗೆ ಟಾವೆಲ್ಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದನ್ನು ಹೇಳುವಾಗ ನನಗೇ ಅಳು ಬಂತು. ಇಬ್ಬರು ಹೆಂಗಸರೂ ಅತ್ತರು. ನಾನು ಕೂತಿದ್ದ ಟಾವೆಲ್ಲಿನ ನೆನಪು ಮಾತ್ರ ನನಗಾಗಲಿಲ್ಲ. ಮುಗಿದ ಮೇಲೆ ರೊಟ್ಟಿ, ಬದನೆಕಾಯಿ ಪಲ್ಯದ ಊಟ. ಕೈಗೆ ನೀರು ಹಾಕಿದವನು ಸತ್ಯಪ್ಪ. ಆಗಲಾದರೂ ಹೇಳಬಹುದಿತ್ತು. ಸುತ್ತ ಜನ ಹೊಗಳುತ್ತಿದ್ದರು, ಹೇಳಲಿಲ್ಲ.

ಎರಡು ಗಂಟೆಯ ಬಸ್ಸು ಹತ್ತಿದೆ. ಅತ್ತವರಲ್ಲಿ ಒಬ್ಬಳು ಮುದುಕಿ ರೋಣಕ್ಕೆ ಹೊರಟಿದ್ದಳು. “ಭಾಳ ಚಲೋ ಹೇಳಿದ್ರಿ. ಸೊಕ್ಕಿನ ಮಂದಿ ಕೇಳಬೇಕಿತ್ರಿ ಇದನ್ನ. ಅಂಥಾವ್ರು ಯಾರೂ ಬಂದಿರಲಿಲ್ಲ ನೋಡ್ರಿ” ಎಂದಳು. ಆಕೆಗೆ ಯಾವ ವ್ಯಂಗ್ಯವೂ ತಿಳಿಯದು. ನಾನು ಚಿಲ್ಲರೆಗೆಂದು ಕಿಸೆಗೆ ಕೈ ಹಾಕಿದೆ. ಹಾಳೆ ಸಿಕ್ಕಿತು, ಮಡಿಕೆ ಕೂಡ ಬಿಚ್ಚಿರಲಿಲ್ಲ. ರೋಣದಲ್ಲಿ ನರಗುಂದದ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಅದನ್ನು ಬಿಟ್ಟು, ಗಜೇಂದ್ರಗಡಕ್ಕೆ ತಿರುಗಿ ಹೊರಟಿದ್ದ, ನಾನು ಬಂದ ಬಸ್ಸನ್ನೇ ಮತ್ತೆ ಹತ್ತಿದೆ. “ಏನರೆ ಮರತ್ರೇನ್ರಿ?” ಎಂದು ಕಂಡಕ್ಟರ್ ನಕ್ಕ. “ಹೌದಪ್ಪಾ, ಮರತೆ” ಅಂದೆ.

ಸತ್ಯಪ್ಪನ ಮನೆಯದು ಕುಣಿಮಗ್ಗ. ನೇಯುವವನು ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂರುತ್ತಾನೆ. ನಿಂತು ನೋಡಿದರೆ ಅವನ ನೆತ್ತಿಯಷ್ಟೇ ಕಾಣುತ್ತಿತ್ತು. ಮುಖ ನೋಡಬೇಕಾದರೆ ನೆಲಕ್ಕೆ ಕೂರಬೇಕು. ಮೊಣಕಾಲು ಹಿಡಿದುಕೊಂಡು ಕೂತೆ. ಹಾಳೆ ತೆಗೆಯಲಿಲ್ಲ.

“ಸತ್ಯಪ್ಪ, ಅವತ್ತ ನಾನು ತಪ್ಪು ಮಾಡಿದೆ. ನಿನ್ನ ಪ್ರಾರ್ಥನಿ ನಡುವ ಮುರದೆ. ನನ್ನನ್ನ ಕ್ಷಮಿಸು.”

ಲಾಳಿ ನಿಂತಿತು. “ಅದನ್ನ ಹೇಳಾಕ ವಾಪಸ್ ಬಂದ್ರ್ಯಾ? ನಾ ಮನಸಿನ್ಯಾಗ ಇಟ್ಟಿಲ್ರಿ, ಖರೇನ.”

“ಹಂಗಿದ್ರ ನನ್ನ ಸಲುವಾಗಿ ಒಂದು ಪ್ರಾರ್ಥನಿ ಮಾಡು.”

ಅವನು ಕಣ್ಣು ಮುಚ್ಚಿದ. ಬಾಯಿ ತೆರೆದ, ಮುಚ್ಚಿದ. ಆಗದೆಂದು ತಲೆಯಾಡಿಸಿದ. “ಆಗವಲ್ದ್ರಿ. ಬಾಯಿ ತೆರದ್ರ ನಿಮ್ಮ ದನಿನ ಕೇಳತೈತಿ. ಆಮ್ಯಾಲ ಮಂದಿ ನಗೂದು. ಆಕಿ ಸಾಯೂವಾಗ ಪ್ರಾರ್ಥನಿ ಮಾಡರಿ ಅಂತ ನನ್ನ ಕೈ ಹಿಡದಿದ್ಲು. ಆವಾಗೂ ಆಗಲಿಲ್ಲ.”

ನನಗೆ ಅಳು ಬಂತು. ಬೆಳಗಿನ ಪ್ರಸಂಗದಲ್ಲಿ ಬಂದ ಅಳುವಿನ ಹಾಗೆ ಅದು ಯಾರ ಮೆಚ್ಚುಗೆಗೂ ಕಾಯಲಿಲ್ಲ. ಅವನು ನನ್ನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮೆಲ್ಲಗೆ ಹೇಳಿದ: “ಮಾಸ್ತರ, ನೀವು ಅಂದಿದ್ದು ಮಂದಿ ಮುಂದ. ಈಗ ಇಲ್ಲಿ ನಾವಿಬ್ರ ಅದೀವಿ.”

ಸಂಜೆ ಐದರ ಬಸ್ಸಿಗೆ ಅವನೇ ನನ್ನನ್ನು ಹತ್ತಿಸಿದ. ಮಳೆ ನಿಂತಿತ್ತು, ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. “ಬರೂ ರವಿವಾರ ನರಗುಂದಕ್ಕ ಬರ್ತೀನ್ರಿ. ಹಿಂದ ಕುಂದರ್ತೀನಿ” ಎಂದು ಕಿಟಕಿಯ ಹೊರಗಿನಿಂದ ಹೇಳಿದ. ಬಸ್ಸು ತಿರುಗುವವರೆಗೂ ನೋಡಿದೆ. ಮಂದಿಯ ನಡುವೆ ಚೀಲವಿಲ್ಲದ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ನಿಂತಿದ್ದ.

ರೋಣ ದಾಟಿದ ಮೇಲೆ ಹಾಳೆಯನ್ನು ಹರಿದು ಹಾಕಿದೆ. ಆ ದಿನ ನಕ್ಕವರೆಲ್ಲ ಬರುವ ಭಾನುವಾರ ನಮ್ಮ ಚರ್ಚಿನಲ್ಲಿರುತ್ತಾರೆ. ಅವರ ಮುಂದೆ ಎದ್ದು ಹೇಳಬೇಕು. ಹೇಳದೆ ಉಳಿಯುತ್ತೇನೆಂಬ ಹೆದರಿಕೆ ಈಗಿಲ್ಲ. ಅಂದೂ ಎಲ್ಲಿ ಚೆನ್ನಾಗಿ ಮಾತಾಡಿಬಿಡುತ್ತೇನೋ ಎಂದೇ ಹೆದರಿಕೆ.